ಮರದ ಅಂಟು ಬಿಡಿಸುವ ಕೈ

ಚೀನಾದ ಡಾಲ್ಯನ್ ಬಂದರಿನ ಮೇಲೆ ಇನ್ನೂ ಮಂಜು. ಬೆಳಗಿನ ಐದೂವರೆಗೆ ಲುವಾನ್ ಶೂಚಿನ್ ಎಂಬವರು ರಸಾಯನ ಪ್ರಯೋಗಾಲಯವೊಂದರ ನೆಲಮಾಳಿಗೆಯಲ್ಲಿ ಅರೆಯುವ ಯಂತ್ರ ನಿಲ್ಲಿಸಿ, ಹುದುಗಲು ಇಟ್ಟ ಹಿಟ್ಟಿನ ಪಾತ್ರೆ ಮುಟ್ಟಿ ನೋಡುವಂತೆ ಅದರ ಉಕ್ಕಿನ ಡಬ್ಬಿಗೆ ಅಂಗೈ ಒತ್ತುತ್ತಾರೆ. ಕೊಂಚ ಬೆಚ್ಚಗಿದೆ. ಇಪ್ಪತ್ತು ನಿಮಿಷ ವಿರಾಮ, ಡಬ್ಬಿಗೂ ಅವರ ಚಹಾಕ್ಕೂ. ಮೇಲಿನ ಮಹಡಿಯ ಸಂಶೋಧಕರು ಅವರನ್ನು 'ಡಬ್ಬಿಯ ಅತ್ತೆ' ಎಂದು ಛೇಡಿಸುತ್ತಾರೆ.

ಡಬ್ಬಿಯಲ್ಲಿರುವುದು ಬರ್ಚ್ ಮರದ ಹೊಟ್ಟು. ಮರದ ನಾರುಗಳನ್ನು ಬೆಸೆದು ನೆಟ್ಟಗೆ ನಿಲ್ಲಿಸುವ ಅಂಟೇ ಲಿಗ್ನಿನ್. ನೂರು ಗ್ರಾಂ ಹೊಟ್ಟನ್ನು ನಾಲ್ಕು ದಿನ ಅರೆದು, ನೆನೆಸಿ, ಸೋಸಿದರೆ ಸಿಗುವುದು ಐದು ಗ್ರಾಂ. ವಿಜ್ಞಾನಿ ಡಾ. ಮೌ ಯಿಂಗ್ ರೂಪಿಸಿದ ವೇಗವರ್ಧಕ, ನೀಲಿ ಬೆಳಕು ಬಿದ್ದೊಡನೆ ಆ ಅಂಟಿನ ಕೊಂಡಿಗಳನ್ನು ಕಳಚತೊಡಗುತ್ತದೆ. ಔಷಧಕ್ಕೂ ಸುಗಂಧಕ್ಕೂ ಬೇಕಾದ ರಾಸಾಯನಿಕಗಳು ಬೇರೆಯಾಗುತ್ತವೆ. ಕುದಿಸುವುದಿಲ್ಲ, ಸುಡುವುದಿಲ್ಲ. ಬರೀ ಬೆಳಕು.

ಐವತ್ತೇಳರ ಶೂಚಿನ್ ಓದಿದ್ದು ಎಂಟನೆಯ ತರಗತಿ. ಕಾಗದದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ, ಇದೇ ಲಿಗ್ನಿನ್ ತುಂಬಿದ ಕಪ್ಪು ರಸವನ್ನು ಕುಲುಮೆಗೆ ಬಿಟ್ಟು ಉರಿಸಿದವರು. ಅದು ಮುಚ್ಚಿದ ಮೇಲೆ ಇಲ್ಲಿ ಗಾಜಿನ ಪಾತ್ರೆ ತೊಳೆಯಲು ಸೇರಿದರು. "ಅಷ್ಟು ವರ್ಷ ಏನನ್ನ ಸುಟ್ಟೆ ಅಂತ ಇಲ್ಲಿಗೆ ಬಂದ್ಮೇಲೇ ಗೊತ್ತಾಗಿದ್ದು," ಎನ್ನುತ್ತಾರೆ.

ಕಳೆದ ಏಪ್ರಿಲ್‌ನಲ್ಲಿ ಹಿರಿಯರ ಸಮಾಧಿ ಗುಡಿಸುವ ಹಬ್ಬಕ್ಕೆ ಊರಿಗೆ ಹೋಗಿದ್ದರು. ಮರಳಿದಾಗ ಯಿಂಗ್ ಮುಖ ಇಳಿದಿತ್ತು. ಬೇರೆಯಾಗುವ ರಾಸಾಯನಿಕಗಳ ಇಳುವರಿ ಐದರಲ್ಲೊಂದು ಪಾಲಿಗೆ ಕುಸಿದಿತ್ತು. ಮೂರು ಬಾರಿ ಮಾಡಿದರೂ ಅಷ್ಟೇ. ವೇಗವರ್ಧಕದ ವಿನ್ಯಾಸವೇ ತಪ್ಪೆಂದು ಶುಕ್ರವಾರದ ಸಭೆಯಲ್ಲಿ ಒಪ್ಪಿಕೊಂಡು, ಮೂರು ವರ್ಷದ ಕೆಲಸ ಕೈಬಿಡಲು ಅವರು ಸಿದ್ಧರಾಗಿದ್ದರು. ಶೂಚಿನ್ ಲಿಗ್ನಿನ್ ಸೀಸೆಯನ್ನು ಕಿಟಕಿಗೆ ಹಿಡಿದು ನೋಡಿದರು. ಪುಡಿ ಎಂದಿಗಿಂತ ಕಪ್ಪಗಿತ್ತು. ಅರೆದವರು ಯಾರೆಂದು ಕೇಳಿದರೆ, ಯಿಂಗ್ ತಾನೇ ಎಂದರು. ರಜೆಯಲ್ಲಿ ಸಮಯ ಉಳಿಸಲು ಯಂತ್ರವನ್ನು ನಿಲ್ಲಿಸದೆ ಓಡಿಸಿದ್ದರಂತೆ.

"ಡಾಕ್ಟ್ರೇ, ಯಂತ್ರಕ್ಕೆ ಸುಸ್ತಾಗಲ್ಲ, ನಿಜ. ಹೊಟ್ಟಿಗೆ ಆಗತ್ತೆ. ನೀವು ಬಿಡಿಸ್ಬೇಕಾದ ಕೊಂಡಿಗಳನ್ನ ಬಿಸಿ ಮೊದಲೇ ಕೆಡಿಸಿಟ್ಟಿದೆ. ಬೆಳಕು ಪಾಪ ಏನ್ ಮಾಡತ್ತೆ?"

ಸಭೆ ಒಂದು ವಾರ ಮುಂದಕ್ಕೆ ಹೋಯಿತು. ಶೂಚಿನ್ ತಮ್ಮ ರೀತಿಯಲ್ಲಿ, ತಣಿಸಿ ತಣಿಸಿ, ಹೊಸದಾಗಿ ಅರೆದರು. ನೀಲಿ ದೀಪದ ಕೆಳಗೆ ಆರು ಗಂಟೆ. ಕಂದು ದ್ರಾವಣ ತಿಳಿಯಾಗುತ್ತ ಬಂತು, ಇಳುವರಿ ಮೊದಲಿನ ಮಟ್ಟಕ್ಕೇ ಏರಿತು. ಯಿಂಗ್ ಸೀಸೆ ಹಿಡಿದು ಮೆಟ್ಟಿಲಿಳಿದು ಬಂದರು. ಮುಚ್ಚಳ ತೆಗೆದು ಶೂಚಿನ್‌ರ ಮೂಗಿನ ಬಳಿ ಹಿಡಿದರು. ಸಿಹಿಯಾದ, ತೆಳ್ಳನೆಯ ಪರಿಮಳ.

ಇನ್ನೇನು ಬೇಕೆಂದು ಕೇಳಿದರೆ ಶೂಚಿನ್ ಡಬ್ಬಿ ಮುಟ್ಟಿ ನೋಡುತ್ತ ಹೇಳುತ್ತಾರೆ:

"ಇನ್ನೊಂದು ಮೂರು ವರ್ಷ ಕೈ ನಡೆಯತ್ತೆ. ಅಷ್ಟರಲ್ಲಿ ಇದು ಹೊರಗಡೆ ಬಿಸಿಲಲ್ಲೇ ಆಗೋದನ್ನ ನೋಡ್ಬೇಕು. ಮರ ಏನು ದೀಪದ ಕೆಳಗೆ ಬೆಳೀತಾ?"