ಸರ್ವಧರ್ಮ ಮಂದಿರದಲ್ಲಿ ಅತ್ತೆಯ ಬೇಡಿಕೆ

ಸೈನ್ಯದಲ್ಲಿದ್ದ ಮಾದೇವನಿಗೆ ಎದೆಯ ಆಪರೇಷನ್ ಎಂದು ತಂತಿ ಬಂದದ್ದರಿಂದ, ಅವನ ತಾಯಿ, ನನ್ನ ಸೋದರತ್ತೆ ಪುಟ್ಟಮ್ಮಣ್ಣಿಯನ್ನು ತಮಿಳು ಗಡಿಯ ಗೆಟ್ಟವಾಡಿಯಿಂದ ಚಂಡೀಗಢಕ್ಕೆ ಕರೆತಂದಿದ್ದೆ. ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯಲ್ಲಿ ಕೂರಲಾರದೆ ಅವರು, "ಯಾವ್ದಾರ ಗುಡಿಗ ಕರ್ಕೊಂಡೋಗು ಕಣ್ಲಾ" ಎಂದರು. ಹತ್ತಿರದಲ್ಲಿದ್ದದ್ದು ಸರ್ವಧರ್ಮ ಮಂದಿರ.

ಚಂಡೀಗಢದ ಬೀದಿಗಳಂತೆ ಅದನ್ನೂ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಕಟ್ಟಿದ್ದರು. ಬೋಳು ಸಿಮೆಂಟಿನ ಹಜಾರ. ಗೋಡೆಯ ಮೇಲೆ ಓಂಕಾರ, ಶಿಲುಬೆ, ಅರ್ಧಚಂದ್ರ, ಇನ್ನೂ ಕೆಲವು ಗುರುತುಗಳು. ಮೂರ್ತಿಯಿಲ್ಲ, ಗಂಟೆಯಿಲ್ಲ, ವಿಭೂತಿಯೂ ಇಲ್ಲ. ಅತ್ತೆ ಒಂದು ಸುತ್ತು ನೋಡಿ ನನ್ನ ಕಡೆ ತಿರುಗಿದರು.

"ಇಲ್ಲಿ ನಾನು ಯಾರ್ಗ ಏಳ್ಕಳ್ಳಿ ಕಣ್ಲಾ?"

ಅವರು ಕಂಬದ ಬಳಿ ಕೂತಿದ್ದ ಪಂಜಾಬಿ ಹೆಂಗಸೊಬ್ಬಳ ಪಕ್ಕ ಕುಳಿತು, ಕನ್ನಡಕ್ಕೆ ತಮಿಳನ್ನೂ ಬೆರೆಸಿ ಹೇಳತೊಡಗಿದರು. "ಎದೆ ಕುಯ್ತಾರಂತೆ ಕಣವ್ವಾ. ಇರೋನು ಒಬ್ನೇ ಮಗ."

ಭಾಷೆ ತಿಳಿಯದ ಆ ಹೆಂಗಸು ಕೊನೆಯವರೆಗೂ ಕೇಳಿದಳು. ಆಮೇಲೆ, "ನಾಮ್?" ಎಂದಳು.

"ಮಾದೇವ."

ಅವಳು ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ಅದರಲ್ಲಿ "ಮಾದೇವ್" ಎಂಬುದೊಂದೇ ನನಗೆ ತಿಳಿಯಿತು. ಬಳಿಕ ಆಸ್ಪತ್ರೆಯ ಕಡೆ ಕೈ ತೋರಿಸಿ, "ಗುರ್ಮೀತ್" ಎಂದಳು. ಅವಳ ಕಣ್ಣೂ ತುಂಬಿತ್ತು.

ಅತ್ತೆ ಸೆರಗು ಹೊದ್ದು ಕೈಮುಗಿದರು. "ನಮ್ಮ ಮಾದೇವನ ಜೊತ್ಗ ಈ ಗುರುಮೂರ್ತೀನೂ ಕಾಪಾಡಪ್ಪಾ."

ಹೆಸರು ತಿದ್ದಲು ಬಾಯಿ ತೆರೆದ ನಾನು, ಆ ಹೆಂಗಸು ತಲೆಯಾಡಿಸುತ್ತಿದ್ದುದನ್ನು ಕಂಡು ಕೈಮುಗಿದೆ.

ಮಾರನೆಯ ಸಂಜೆ ಮಾದೇವನಿಗೆ ಎಚ್ಚರವಾಯಿತು. ಅತ್ತೆ ಅವನ ಹಣೆ ಮುಟ್ಟಿ ನೋಡಿದರು. ನೀರನ್ನೂ ಕುಡಿಯದೆ, ಆ ಹೆಂಗಸನ್ನು ಹುಡುಕುತ್ತ ಪಕ್ಕದ ವಾರ್ಡಿನ ಕಡೆ ನಡೆದರು.