ಬೇಲಿಯ ಒಳಗುಳಿದ ಮರಿಗಳು

ಹರಿಹರದ ಉಚ್ಚಂಗೆಪ್ಪ ಕರೂರು ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ವೆಲ್ಡರ್. ಕೆಲಸ ಚೊಕ್ಕ, ಮಾತು ಕಡಿಮೆ. ಹೋದ ಬೇಸಿಗೆಯಲ್ಲಿ ಆನಗೋಡಿನ ಆಚೆ, ಕುರುಚಲು ಬಯಲಿನಲ್ಲಿ ಸೋಲಾರ್ ಪಾರ್ಕ್ ಎದ್ದಿತು. ಅದರ ಬೇಲಿಯ ಕೆಲಸ ಇವನ ಶೆಡ್ಡಿಗೆ ಸಿಕ್ಕಿತು. ಎಷ್ಟೋ ಸಲ ಕರೆಂಟು ಹೋಗಿ ಮಧ್ಯಾಹ್ನವೆಲ್ಲ ಕೈಕಟ್ಟಿ ಕೂತವನಿಗೆ ಅದೊಂದು ಹೆಮ್ಮೆ. “ಇನ್ಮ್ಯಾಲೆ ಬಿಸಿಲೇ ಕರೆಂಟು ಕೊಡ್ತೈತೆ” ಎಂದು ಹೆಂಡತಿ ಮೀನಾಕ್ಷಿಗೆ ಹೇಳಿದ್ದ.

ಕೊನೆಯ ಜಾಲರಿ ಬೆಸೆದು ಬೇಲಿ ಮುಚ್ಚಿದವನು ಅವನೇ. ಮರುದಿನ ಬೆಳಿಗ್ಗೆ ಬಂದಾಗ ಹೊರಗೊಂದು ತೋಳ ಓಡಾಡುತ್ತಿತ್ತು. ಜನರನ್ನು ಕಂಡರೂ ದೂರ ಸರಿಯಲಿಲ್ಲ. ಜಾಲರಿಗೆ ಮೂತಿ ಒತ್ತುವುದು, ಬುಡದ ಕಾಂಕ್ರೀಟನ್ನು ಕೆರೆಯುವುದು, ಮತ್ತೆ ಮುಂದಕ್ಕೆ ನಡೆಯುವುದು. ಪಂಜದಲ್ಲಿ ರಕ್ತ ಒಸರುತ್ತಿತ್ತು.

ಕುರಿ ಕಾಯುವ ಮಾಳಿಂಗಪ್ಪ ಅಲ್ಲೇ ನಿಂತಿದ್ದ. “ಒಳಗ ಮರಿ ಅದಾವ್ರೀ, ಆ ಕಲ್ಲುಗುಡ್ಡಿ ಬುಡದಾಗ. ನನ್ನ ಕುರಿ ತಿಂದೈತೆ ಅದು. ಆದ್ರೂ ನೋಡಾಕ ಆಗವಲ್ದು.”

ಉಚ್ಚಂಗೆಪ್ಪ ಒಳಗೆ ಹೋಗಿ ಬಿಲದೊಳಗೆ ತೋಳುದ್ದ ಕೈ ಚಾಚಿದ. ನಿಲುಕಲಿಲ್ಲ. ಕುಂಯ್‌ಗುಡುವುದಷ್ಟೇ ಕೇಳಿಸಿತು. ಎಂಜಿನಿಯರ್ ಕಾಂತರಾಜ್ ಬಳಿಗೆ ಓಡಿದ.

“ಸರ್, ಒಂದ್ ಕಡೆ ಕತ್ತರಿಸಿ ಬಿಡಾನ್ರಿ.”

“ಮೇಲಿನವರನ್ನ ಕೇಳ್ತೀನಿ, ಸ್ವಲ್ಪ ತಡೀರಿ,” ಎಂದ ಕಾಂತರಾಜ್. ಕೇಳಿದ್ದೂ ನಿಜ. ಉತ್ತರ ಬರಲಿಲ್ಲ.

ಉಚ್ಚಂಗೆಪ್ಪ ತಡೆದ. ಒಳಗೆ ಚೌಕಟ್ಟುಗಳ ಕೆಲಸ ಇನ್ನೂ ಬಾಕಿ ಇತ್ತು; ಗ್ರೈಂಡರ್ ನಿಲ್ಲಿಸಿದಾಗಲೆಲ್ಲ ಮರಿಗಳ ಆ ಸದ್ದು ಕಿವಿಗೆ ಬೀಳುತ್ತಿತ್ತು. ಆಮೇಲೊಂದು ದಿನ ನಿಲ್ಲಿಸಿದರೂ ಏನೂ ಕೇಳಿಸಲಿಲ್ಲ. ಆಗ ಯಾರನ್ನೂ ಕೇಳದೆ ಹೋಗಿ ಜಾಲರಿ ಕತ್ತರಿಸಿದ.

ಬೆಳಗಾದಾಗ ಕಿಂಡಿಯಲ್ಲಿ ಹೆಜ್ಜೆಗುರುತು, ಬಿಲ ಖಾಲಿ.

“ಒಯ್ದೈತೆ,” ಎಂದ ಮಾಳಿಂಗಪ್ಪ.

“ಜೀವಂತ ಇದ್ವಾ?”

“ಯಾರು ನೋಡ್ಯಾರ?”

ಕಾಂತರಾಜ್ ಬೈಯಲಿಲ್ಲ. ಕಿಂಡಿಯನ್ನು ಮುಚ್ಚಿಸದೆ ಹಾಗೇ ಬಿಟ್ಟ. ಮುಂದಿನ ಪಾರ್ಕುಗಳ ಬೇಲಿಯ ತಳದಲ್ಲಿ ಪ್ರಾಣಿ ನುಸುಳುವಷ್ಟು ಜಾಗ ಬಿಡುವಂತೆ ನಕ್ಷೆಯನ್ನೇ ತಿದ್ದಿಸಿದ. ಆ ತೋಳವನ್ನು ಮಾತ್ರ ಮತ್ತೆ ಆ ಬಯಲಲ್ಲಿ ಯಾರೂ ಕಾಣಲಿಲ್ಲ.

ಉಚ್ಚಂಗೆಪ್ಪ ಈಗಲೂ ಬೇಲಿ ಕಟ್ಟುತ್ತಾನೆ. ಊಟಕ್ಕೆ ಕೂತವನು ತುತ್ತು ಹಿಡಿದು ಒಮ್ಮೊಮ್ಮೆ ಕಿವಿಗೊಡುತ್ತಾನೆ. ಮೀನಾಕ್ಷಿ “ಏನೂ ಇಲ್ಲ, ಉಣ್ರಿ” ಎನ್ನುತ್ತಾಳೆ. ಕೆಲಸದ ಜಾಗದಲ್ಲಿ ಕೊನೆಯ ಜಾಲರಿ ಬೆಸೆಯುವ ಮೊದಲು ಒಬ್ಬನೇ ಒಳಗೆಲ್ಲ ಸುತ್ತುತ್ತಾನೆ, ಪೊದೆ ಸರಿಸುತ್ತಾನೆ, ಬಿಲ ಕಂಡರೆ ಮಂಡಿಯೂರುತ್ತಾನೆ.

“ಯಾರಾರ ಅದೀರೇನು?”

ಜೊತೆಯವರು ಮೊದಮೊದಲು ನಗುತ್ತಿದ್ದರು. ಈಗ ಅವನು ಹೊರಗೆ ಬರುವವರೆಗೂ ಗ್ರೈಂಡರ್ ನಿಲ್ಲಿಸಿ ಕಾಯುತ್ತಾರೆ.