ಬೆಳ್ಳುಳ್ಳಿ ವಾಸನೆಯ ಕಲ್ಲು

ನಮ್ಮತ್ತೆ ಪುಣೆಯಿಂದ ಎಲ್ಲಿಗೇ ಹೊರಡಲಿ, ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಮತ್ತು ಮನೆಯಲ್ಲಿ ಬೆಳ್ಳುಳ್ಳಿ ಕುಟ್ಟುವ ಗುಂಡುಕಲ್ಲು ಇರಲೇಬೇಕು. ಉಳ್ಳಾಗಡ್ಡಿಯನ್ನು ಗುದ್ದಿಯೇ ತಿನ್ನಬೇಕು, ಹೆಚ್ಚಿದರೆ ರುಚಿಯಿಲ್ಲ ಎನ್ನುವುದು ಅವರ ಹಟ. ಕರಾವಳಿಯ ಆ ಪುಟ್ಟ ದ್ವೀಪಕ್ಕೂ ಕಲ್ಲು ನಮ್ಮೊಂದಿಗೆ ಬಂದಿತ್ತು.

ಮರಳಿ ದೋಣಿ ಹತ್ತುವಾಗ ಕಾವಲುಗಾರ ಚೀಲ ತೆರೆಸಿದ.

"ಇಲ್ಲಿಂದ ಕಲ್ಲು ಒಯ್ಯುವ ಹಾಗಿಲ್ಲ, ಅಮ್ಮ. ನೆನಪಿಗೆ ಅಂತ ಒಂದೊಂದೇ ಎತ್ಕೊಂಡು ಹೋದ್ರೆ ದ್ವೀಪವೇ ಉಳಿಯೋದಿಲ್ಲ."

"ಇದು ಪುಣೆಯ ಹಡಪಸರದ್ದರಿ. ನಮ್ಮ ಮನೀ ಕಲ್ಲು."

ಆತ ದಂಡೆಯಲ್ಲಿ ಕಂಬಗಳಂತೆ ನಿಂತ ಬಂಡೆಗಳತ್ತ ಕೈ ತೋರಿಸಿದ. ಅವೂ ನಮ್ಮ ಕಲ್ಲಿನಷ್ಟೇ ಕಪ್ಪು. ಯಾವುದೋ ಕಾಲದಲ್ಲಿ ಲಾವಾ ಆರಿ ಹಾಗಾದವಂತೆ. ಪುಣೆಯ ಗುಡ್ಡಗಳೂ ಹಾಗೇ ಆದವಲ್ಲವೇ ಎಂದು ನಾನು ಕುತೂಹಲದಿಂದ ಕೇಳಿದೆ. ಕೇಳಬಾರದಿತ್ತು.

"ಹಾಗಾದ್ರೆ ಇದು ಪುಣೆಯದ್ದೇ ಅಂತ ಹೇಗೆ ನಂಬೋದು?"

ಅತ್ತೆ ಕಲ್ಲನ್ನು ಅವನ ಮೂಗಿನ ಹತ್ತಿರ ಹಿಡಿದರು. "ಮೂಸಿ ನೋಡ್ರಿ."

ಆತ ಮೂಸಿದ. ಆಮೇಲೆ ಗಂಭೀರವಾಗಿ ನಡೆದುಹೋಗಿ ದ್ವೀಪದ ಬಂಡೆಯೊಂದನ್ನೂ ಬಗ್ಗಿ ಮೂಸಿದ. ಮರಳಿ ಬಂದು ನಮ್ಮ ಕಲ್ಲನ್ನು ಚೀಲಕ್ಕೆ ಹಾಕಿದ.

ಅಂದಿನಿಂದ ನಮ್ಮ ಅಡುಗೆಮನೆಯಲ್ಲೂ ಒಂದು ಕಾಯಿದೆ ಬಂದಿದೆ: ಆ ಕಲ್ಲಿಗೆ ಯಾರೂ ಸಾಬೂನು ಹಚ್ಚುವ ಹಾಗಿಲ್ಲ.